ಹಸರ ಅಂಗಿ, ಒಣ ಹುಲ್ಲು

ಫೆಬ್ರವರಿಯ ಒಂದು ಬೆಳಿಗ್ಗೆ ಬೀದರ ಹತ್ತಿರದ ಹುಲ್ಲುಗಾವಲಿಗೆ ಕೃಷ್ಣಮೃಗಗಳ ಫೋಟೊ ತೆಗೆಯಲು ಹೋಗಿದ್ದೆವು. ಗೆಳೆಯನ ಮೈಮೇಲೆ ಎಲೆಗಳ ಚಿತ್ರವಿದ್ದ ಕಡುಹಸಿರು ಜಾಕೆಟ್. ಸುತ್ತ ಹುಲ್ಲು ಒಣಗಿ ಗೋದಿಬಣ್ಣಕ್ಕೆ ತಿರುಗಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜ ಒಮ್ಮೆ ನೋಡಿ, "ಆ ಹಸರ ಅಂಗಿ ಹರದಾರಿ ದೂರದಿಂದ ಕಾಣಸ್ತದ್ರಿ ಸರ" ಅಂದರು. ಅಷ್ಟರಲ್ಲಿ ಹಿಂಡು ನೆಗೆದು ದೂರವಾಗಿತ್ತು.

ಅಜ್ಜನಿಗೆ ಕಂಡ ಹಸಿರು ಮೃಗಕ್ಕೆ ಹಾಗೆ ಕಂಡಿರಲಾರದು. ಬಣ್ಣ ಗುರುತಿಸಲು ನಮ್ಮ ಕಣ್ಣಲ್ಲಿ ಮೂರು ಬಗೆಯ ಕೋನ್ ಕೋಶಗಳಿವೆ. ಜಿಂಕೆ, ಆಕಳು, ಮೇಕೆಯಂಥ ಗೊರಸಿನ ಪ್ರಾಣಿಗಳಿಗೆ ಎರಡೇ. ಕೆಂಪು–ಹಸಿರಿನ ಭೇದ ಅವಕ್ಕೆ ಸರಿಯಾಗಿ ತಿಳಿಯದು. ಹಿಂಡನ್ನು ಬೆದರಿಸಿದ್ದು ತಿಳಿಹುಲ್ಲಿನ ನಡುವೆ ಅಲುಗಾಡುತ್ತಿದ್ದ ಕಪ್ಪುಗಪ್ಪು ಆಕಾರ. ಅದೇ ಜಾಕೆಟ್ ತೊಟ್ಟು ಹಕ್ಕಿ ನೋಡಲು ಸುರಪುರದ ಬೋನಾಳ ಕೆರೆಗೆ ಹೋದರೆ ಲೆಕ್ಕವೇ ಬೇರೆ. ಹಕ್ಕಿಗಳಿಗೆ ನಾಲ್ಕು ಬಗೆಯ ಕೋನ್‌ಗಳು. ನಮಗಿಂತ ಹೆಚ್ಚು ಬಣ್ಣ ಕಾಣುವ ಆ ಕಣ್ಣೆದುರು ಬಣ್ಣವೂ ನೆಲಕ್ಕೆ ಕೂಡಬೇಕು.

ಒಗೆಯುವಾಗಲೂ ಎಚ್ಚರ ಬೇಕು. ಬಟ್ಟೆಪುಡಿಗಳಲ್ಲಿ ಹೊಳಪು ತರುವ ರಾಸಾಯನಿಕಗಳಿರುತ್ತವೆ. ಅವು ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಸೂಸುತ್ತವೆ, ಜಿಂಕೆಯ ಕಣ್ಣೋ ನೀಲಿಗೆ ಬಲು ಚುರುಕು. ನಾನು ಅಂಟುವಾಳಕಾಯಿ ನೊರೆಯಲ್ಲೇ ಒಗೆಯುತ್ತೇನೆ.

ಹೊರಡುವಾಗ ಅಜ್ಜ ಕಾಲ ಬಳಿ ಕೋಲು ಚಾಚಿ ನಮ್ಮನ್ನು ನಿಲ್ಲಿಸಿದರು. ಗರಸಿನಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆಗಳು! ಮಣ್ಣುಬಣ್ಣದ ಮೇಲೆ ಒಂದು ದೊಡ್ಡ, ನಾಲ್ಕು ಸಣ್ಣ ಎಂಬಂತೆ ಸಿಡಿದ ಕಪ್ಪು ಮಚ್ಚೆಗಳು. ಕೆಲವು ಮಚ್ಚೆ ಅಂಚಿನವರೆಗೂ ಹರಿದಿದ್ದರಿಂದ ಮೊಟ್ಟೆಯ ದುಂಡು ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ನಿಲುಕಲಿಲ್ಲ. ಪ್ರಾಣಿಗಳ ಕಣ್ಣಿಗೆ ಬೀಳದಿರಲು ತೊಡುವ ಒಳ್ಳೆಯ ಮರೆಬಟ್ಟೆಯೂ ಮಾಡಬೇಕಾದದ್ದು ಇದನ್ನೇ, ಮನುಷ್ಯನ ಹೆಗಲು–ತಲೆಯ ಗೆರೆಯನ್ನು ಒಡೆಯುವುದು. ಸಣ್ಣ ಚುಕ್ಕಿಗಳು ದೂರಕ್ಕೆ ಒಂದರಲ್ಲೊಂದು ಕಲೆತು ಒಂದೇ ಬಣ್ಣವಾಗುತ್ತವೆ. ಬಯಲಿಗೆ ದೊಡ್ಡ ಪಟ್ಟೆಗಳೇ ಬೇಕು.

ನಮ್ಮ ಕಡೆ ನೆಲ ಒಂದೇ ಬಣ್ಣದ್ದಲ್ಲ. ಬೀದರದ ಜಂಬಿಟ್ಟಿಗೆ ಮಣ್ಣು ಕೆಂಪು. ಯಾದಗಿರಿಯ ಬಂಡೆಗುಡ್ಡಗಳಿಗೆ ಕಂದು ಬೆರೆತ ಬೂದಿ. ಚಿಂಚೋಳಿಯ ಕುರುಚಲು ಕಾಡಿನಲ್ಲಿ ಮಳೆಗಾಲಕ್ಕೆ ಆ ಹಸಿರು ಜಾಕೆಟ್ ಸರಿಹೋದೀತು, ಎಲೆ ಉದುರಿದ ಮೇಲೆ ಅಲ್ಲ. ಕಲಬುರಗಿಯ ಎರಿಹೊಲಕ್ಕೆ ಕರಿ ಅಂಗಿ ಸಾಕೆಂದುಕೊಂಡರೆ ತಪ್ಪು. ಎರಿ ಮಣ್ಣು ಹಸಿಯಿದ್ದಾಗಷ್ಟೇ ಕಪ್ಪು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೂದಿಬಣ್ಣಕ್ಕೆ ತಿರುಗುತ್ತದೆ.

ಒಂದೇ ಅಂಗಿ ಕೊಳ್ಳುವುದಾದರೆ ಖಾಕಿ. ಖಾಕ್ ಎಂದರೆ ಫಾರ್ಸಿ, ಉರ್ದುವಿನಲ್ಲಿ ಧೂಳು. 1840ರ ದಶಕದಲ್ಲಿ ಪೇಶಾವರದ ಬ್ರಿಟಿಷ್ ಪಡೆಯೊಂದು ತೊಟ್ಟ ಬಣ್ಣ ಅದು. ಸೈನ್ಯದ ನಮೂನೆಯ ಬಟ್ಟೆ ಮಾತ್ರ ಬೇಡ. ಸೈನಿಕನೆಂದು ನಂಬಿಸಲು ಅದನ್ನು ತೊಡುವುದು ಅಪರಾಧ.

ಮುಂದಿನ ವಾರ ಮಾಸಿದ ಖಾಕಿ ಅಂಗಿ ತೊಟ್ಟು, ಮುಖಕ್ಕೆ ಮಣ್ಣುಬಣ್ಣದ ಟವೆಲ್ ಸುತ್ತಿ, ಬೆನ್ನಿಗೆ ಜಾಲಿಯ ಪೊದೆ ಇಟ್ಟುಕೊಂಡು ಕೂತೆವು. ಒಂದು ತಾಸಾದ ಮೇಲೆ ಹಿಂಡು ಮೇಯುತ್ತ ನಮ್ಮತ್ತಲೇ ಬಂತು.