ಅಮಾಸೆ ದಿನದ ಅಳತೆ

ಹೊಸನಗರದ ಕಡೆ ಒಂದು ಅಡಿಕೆ ತೋಟದ ಹದ್ದುಬಸ್ತಿಗೆ ಹೋಗಿದ್ದೆ. ಬಾಂದುಕಲ್ಲಿನ ಮೇಲೆ ಜಿಪಿಎಸ್ ಕೋಲು ನಿಲ್ಲಿಸಿ ಹತ್ತು ನಿಮಿಷವಾದರೂ ಪರದೆ ಮೇಲೆ 'ಫ್ಲೋಟ್' (ಅಳತೆ ಇನ್ನೂ ಅಂದಾಜು) ಅಂತಲೇ ಇತ್ತು, 'ಫಿಕ್ಸ್' (ಅಳತೆ ಖಚಿತ) ಬರಲಿಲ್ಲ. ಕವಳ ಜಗಿಯುತ್ತ ನಿಂತಿದ್ದ ಯಜಮಾನರು, "ಇವತ್ತು ಅಮಾಸೆ ಅಲ್ದಾ ಮಾರಾಯ್ರೆ, ಮಷೀನೂ ಕೈ ಕೊಡ್ತು" ಅಂದರು.

ನಕ್ಕೆ. ತಲೆ ಮೇಲೆ ಅಡಿಕೆ ಮರಗಳ ಒದ್ದೆ ಸೋಗೆ ಮುಕ್ಕಾಲು ಆಕಾಶ ಮುಚ್ಚಿತ್ತು. ಹೊತ್ತು ಬೇರೆ ಮಧ್ಯಾಹ್ನ ಎರಡು. ಉಪಗ್ರಹದ ಸಿಗ್ನಲ್ ದಾಟಿ ಬರಬೇಕಾದ ಅಯಾನುಗೋಳದಲ್ಲಿ, ಅಂದರೆ ವಿದ್ಯುದಾವೇಶದ ಕಣಗಳಿರುವ ಮೇಲಿನ ವಾಯುಪದರದಲ್ಲಿ, ಸಿಗ್ನಲನ್ನು ತಡಮಾಡುವ ಎಲೆಕ್ಟ್ರಾನುಗಳು ಕಿಕ್ಕಿರಿಯುವುದು ಆ ಹೊತ್ತಿಗೇ. ಒಂದೇ ಆವರ್ತಾಂಕ ಹಿಡಿಯುವ ಅಗ್ಗದ ಜಿಪಿಎಸ್‌ಗೆ ಆಗ 10 ಮೀಟರ್ ಮೀರಿದ ತಪ್ಪೂ ಆಗಬಹುದು.

ಹಾಗಂತ ಚಂದ್ರನದೇನೂ ಪಾತ್ರವಿಲ್ಲ ಎನ್ನುವಂತಿಲ್ಲ. ಕಡಲಿಗಿರುವಂತೆ ಗಾಳಿಗೂ ಉಬ್ಬರವಿಳಿತವಿದೆ. ನೆಲಮಟ್ಟದಲ್ಲಿ ಅದು ವಾಯುಒತ್ತಡವನ್ನು ಅಲುಗಿಸುವುದು ಒಂದು ಮಿಲಿಬಾರಿನ ಹತ್ತನೇ ಒಂದು ಪಾಲಿಗೂ ಕಡಿಮೆ. ಲಪ್ಲಾಸ್‌ನಂಥ ಗಣಿತಜ್ಞ ಫ್ರಾನ್ಸಿನ ಬ್ರೆಸ್ಟ್ ಬಂದರಿನ ದಾಖಲೆ ಜಾಲಾಡಿದರೂ ಸಿಗಲಿಲ್ಲ; 1840ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದ ಅಳತೆಗಳಲ್ಲಿ ಸಿಕ್ಕಿತು. ಆದರೆ ಈ ಉಬ್ಬರದ ಅಲೆ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 100 ಕಿಲೋಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ನೆಲದಲ್ಲಿರುವುದರ ಹತ್ತು ಲಕ್ಷದಲ್ಲೊಂದು ಪಾಲಿಗೂ ಕಡಿಮೆ. ಹೊರೆ ಇಳಿದ ಎತ್ತಿನಂತೆ ಅಲೆ ಅಲ್ಲಿ ಜೋರಾಗಿ ಬೀಸುತ್ತದೆ. ಆ ಗಾಳಿ ಅಯಾನುಗಳನ್ನು ಭೂಮಿಯ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಎಳೆದಾಗ ವಿದ್ಯುತ್ ಹುಟ್ಟುತ್ತದೆ, ಡೈನಮೋದ ತತ್ವವೇ.

ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆ, ಅಂದರೆ ಕಾಂತೀಯ ಸಮಭಾಜಕ, ಹಾದುಹೋಗುವುದು ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ. 1963ರಲ್ಲಿ ಕೇರಳದ ತುಂಬಾ ಊರಿನಿಂದ ಮೊದಲ ರಾಕೆಟ್ ಹಾರಿಸಿದ್ದಕ್ಕೂ ಅದೇ ಕಾರಣ. ಅಲ್ಲಿ ಹಗಲಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಅವು ಕಾರಂಜಿಯಂತೆ ಇಬ್ಬದಿಗೂ ಬಾಗಿ, ಉತ್ತರದಲ್ಲಿ ಅಹಮದಾಬಾದಿನ ಆಸುಪಾಸು ಇಳಿದು ದಟ್ಟೈಸುತ್ತವೆ. 14 ಡಿಗ್ರಿ ಅಕ್ಷಾಂಶದ ಶಿವಮೊಗ್ಗ ಇರುವುದು ಆ ಕಮಾನಿನ ಅಡಿಯಲ್ಲೇ. ಕಾರಂಜಿಯ ಒತ್ತಡವನ್ನು ಮುಖ್ಯವಾಗಿ ನಿರ್ಧರಿಸುವವನು ಸೂರ್ಯ. ಚಂದ್ರ ಅಷ್ಟಿಷ್ಟು ಏರುಪೇರು ಮಾಡುತ್ತಾನೆ. ಉತ್ತರ ಧ್ರುವದ ವಾಯುಮಂಡಲ ಚಳಿಗಾಲದಲ್ಲಿ ಹಠಾತ್ತನೆ ಬಿಸಿಯಾದ ವರ್ಷಗಳಲ್ಲಿ ಮಾತ್ರ ಅವನ ಕೈ ಮೇಲಾಗುತ್ತದೆ. 2009ರ ಜನವರಿಯಲ್ಲಿ ಹಾಗಾಗಿತ್ತು.

ಯಜಮಾನರಿಗೆ ಪಂಚಾಂಗದ ಭಾಷೆಯಲ್ಲೇ ಹೇಳಿದೆ. ಚಂದ್ರನ ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡ. ಹಾಗಾಗಿ ಗಡಿಯಾರದ ಅದೇ ಹೊತ್ತಿಗೆ ಅದೇ ಉಬ್ಬರ ಮರಳಲು ಒಂದು ಪಕ್ಷ ಸಾಕು. ಅಮಾವಾಸ್ಯೆಗೆ ಹೇಗೋ ಹುಣ್ಣಿಮೆಗೂ ಹಾಗೇ. ತಿರುಗುಮುರುಗು ಆಗುವುದು ಅಷ್ಟಮಿಗೆ. "ಹಂಗಾರೆ ಹುಣ್ಣಿಮೆಗೂ ಕರೆಯೂದು ಬ್ಯಾಡ" ಅಂದರು.

ನಮ್ಮ ಬೇಸ್, ಅಂದರೆ ಗೊತ್ತಿರುವ ಜಾಗದಲ್ಲಿ ನಿಲ್ಲಿಸಿದ ಇನ್ನೊಂದು ಜಿಪಿಎಸ್, ಎರಡೇ ಕಿಲೋಮೀಟರ್ ದೂರದಲ್ಲಿತ್ತು. ಅಷ್ಟು ಹತ್ತಿರದಲ್ಲಿ ಅಯಾನುಗೋಳದ ತಪ್ಪು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರುವುದರಿಂದ ಬಹುಪಾಲು ಕಳೆದುಹೋಗುತ್ತದೆ. ಸೋಗೆಯದು ಹಾಗೆ ಕಳೆಯುವುದಿಲ್ಲ. ನಾಲ್ಕು ಗಂಟೆಗೆ ತೋಟದಾಚೆಯ ಗದ್ದೆ ಬದುವಿನಲ್ಲಿ ಎರಡು ಪಾಯಿಂಟ್ ಫಿಕ್ಸ್ ಮಾಡಿಕೊಂಡು, ಅಲ್ಲಿಂದ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಉಪಕರಣ) ಇಟ್ಟು ಬಾಂದುಕಲ್ಲಿಗೆ ಅಳೆದೆವು.