ಮುರಿದ ಸ್ಟಡ್ಡಿಗೆ ಈಜಿ ಔಟ್ ಹಾಕುವ ಮುಂಚೆ

ಜುಲೈ ಬಂತೆಂದರೆ ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ಸೈಲೆನ್ಸರನ್ನು ತಂತಿಯಲ್ಲಿ ಬಿಗಿದುಕೊಂಡ ಬೈಕುಗಳು ಬರತೊಡಗುತ್ತವೆ. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯವು. ಸೈಲೆನ್ಸರಿನ ಮುಂದಿನ ಬಾಗಿದ ಪೈಪನ್ನು, ಅಂದರೆ ಬೆಂಡ್ ಪೈಪನ್ನು, ಎಂಜಿನ್ನಿನ ಹೆಡ್ಡಿಗೆ ಹಿಡಿದಿರುವ ಎರಡು ಸ್ಟಡ್ಡುಗಳಲ್ಲಿ (ತಲೆಯಿಲ್ಲದ ಬೋಲ್ಟುಗಳಲ್ಲಿ) ಒಂದು ಮುರಿದಿರುತ್ತದೆ. ಮುರಿದದ್ದನ್ನು ಹಾಗೇ ತಂದರೆ ಸಾಮಾನ್ಯವಾಗಿ ಅರ್ಧ ದಿನದ ಕೆಲಸ. ನನಗೆ ಸಂಕಟವಾಗುವುದು ಆ ಸ್ಟಡ್ಡಿನ ನಡುವೆ ತೂತು ಕೊರೆದು, ತೂತಿನೊಳಗೆ ಈಜಿ ಔಟ್, ಅಂದರೆ ಮುರಿದ ಬೋಲ್ಟನ್ನು ಒಳಗಿನಿಂದ ಕಚ್ಚಿ ತಿರುಗಿಸಿ ತೆಗೆಯುವ ಉಕ್ಕಿನ ಕಡ್ಡಿ, ಮುರಿದುಕೊಂಡು ತಂದಾಗ.

ಅದನ್ನು ಇಲ್ಲಿ ಏಕೆ ಹಾಕಬಾರದು ಎಂದು ಎದುರು ನಿಂತವರಿಗೆ ದಿನಾ ಹೇಳುತ್ತೇನೆ, ಇಲ್ಲಿ ಸಾವಧಾನವಾಗಿ ಬರೆಯುತ್ತೇನೆ. ನಮ್ಮ ಕಡೆಯ ಬಹಳಷ್ಟು ಸಣ್ಣ ಬೈಕುಗಳಲ್ಲಿ ಈ ಸ್ಟಡ್ಡು 6 ಎಂಎಂ ದಪ್ಪ. ಸ್ಟಡ್ಡು ಉಕ್ಕು, ಹೆಡ್ಡು ಅಲ್ಯೂಮಿನಿಯಂ. ಎರಡರ ನಡುವೆ ಮಳೆನೀರು ಇಳಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಥ್ರೆಡ್ಡುಗಳ ಸಂದಿಯಲ್ಲಿ ಗಾರೆ ಹಾಕಿದ ಹಾಗೆ ಕೂತುಬಿಡುತ್ತದೆ. ನೀವು ಪಾನಾ ಹಾಕಿ ತಿರುಗಿಸಿದಾಗ ಸ್ಟಡ್ಡು ಬರದೆ ತಿರುಚಿ ಮುರಿದದ್ದು ಅದಕ್ಕೇ. ಅಂದರೆ 6 ಎಂಎಂ ಇಡೀ ಸ್ಟಡ್ಡಿಗೇ ತನ್ನನ್ನು ತಾನು ಕಿತ್ತುಕೊಳ್ಳಲು ಆಗಲಿಲ್ಲ. ಈಗ ಅದರಲ್ಲಿ 3 ಎಂಎಂ ತೂತು ಮಾಡಿ, 3 ಎಂಎಂ ಕಡ್ಡಿ ಸಿಕ್ಕಿಸಿ ತಿರುಗಿಸುತ್ತೀರಿ. ಸರಳು ಅರ್ಧ ದಪ್ಪವಾದರೆ ತಿರುಚು ತಡೆಯುವ ಶಕ್ತಿ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಈಜಿ ಔಟಿನ ಉಕ್ಕು ಗಟ್ಟಿ, ನಿಜ. ಆದರೂ ಆ ಲೆಕ್ಕ ತುಂಬುವಷ್ಟು ಗಟ್ಟಿಯಲ್ಲ. ಸಾಲದ್ದಕ್ಕೆ ಅದರ ತುದಿ ಚೂಪು, ಬುಡ ದಪ್ಪ. ಒಳಗೆ ಇಳಿದಷ್ಟೂ ಸ್ಟಡ್ಡನ್ನು ಹೊರಕ್ಕೆ ಅಗಲಿಸಿ ಥ್ರೆಡ್ಡನ್ನು ಮತ್ತಷ್ಟು ಬಿಗಿ ಮಾಡುತ್ತದೆ. ಬಿಡಿಸಲು ಹಾಕಿದ್ದೇ ಬೆಣೆಯಾಗುತ್ತದೆ.

ಈಜಿ ಔಟ್ ಒಳಗೇ ಮುರಿದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಕೊರೆಯುತ್ತದೆ. ಕಾರ್ಬೈಡ್ ಬರ್ (ಗಟ್ಟಿ ಉಕ್ಕನ್ನೂ ಸವೆಸುವ ಸಣ್ಣ ತುದಿ) ಹಿಡಿದು ಅಕ್ಕಿಕಾಳಿನಷ್ಟೇ ಅಕ್ಕಿಕಾಳಿನಷ್ಟೇ ಸವೆಸಬೇಕು, ಇಲ್ಲ ಹೆಡ್ ಬಿಚ್ಚಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಇರೋಷನ್ ಮಷಿನ್ನಿಗೆ ಕಳಿಸಬೇಕು. ಹೋದ ವರ್ಷ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತಂದ ಗಾಡಿಗೆ ಹಾಗೇ ಮಾಡಿದೆ. ತೋಟ ಸುತ್ತಲು ಅವರಿಗೆ ಅದೊಂದೇ ಗಾಡಿ. ಹೆಡ್ ಬೆಂಗಳೂರಿಗೆ ಹೋಗಿ ಬರುವ ತನಕ ಆ ಮಳೆಯಲ್ಲಿ ನಡೆದೇ ಓಡಾಡಿದರು. ಅವರ ಮಗನೇ ಅಪ್ಪನ ದುಡ್ಡು ಉಳಿಸೋಣ ಎಂದು ಕೈ ಹಾಕಿದ್ದು. ಆ ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಕೊರೆದ ತೂತು ಮಾತ್ರ ಒಂದು ಪಕ್ಕಕ್ಕೆ ವಾಲಿತ್ತು.

ಈಜಿ ಔಟ್ ಎಲ್ಲೂ ಬೇಡ ಎನ್ನುತ್ತಿಲ್ಲ. ಕಚ್ಚಿಕೊಳ್ಳದೆ, ಬರೀ ಅತಿ ಬಿಗಿತಕ್ಕೆ ಮುರಿದ ಬೋಲ್ಟಿಗೆ ನಾನೂ ಬಳಸುತ್ತೇನೆ. ಬಿಸಿ ಉಂಡು, ಮಳೆ ಕುಡಿದ ಬೆಂಡ್ ಪೈಪಿನ ಸ್ಟಡ್ಡಿಗೆ ಬೇಡ.

ನಾನು ಮಾಡುವುದು ಇಷ್ಟು. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಡುತ್ತೇನೆ. ಬೆಳಿಗ್ಗೆ ಅದನ್ನು ಒರೆಸಿ, ಟ್ಯಾಂಕ್ ಇಳಿಸಿ ದೂರ ಇಟ್ಟು, ಬ್ಯಾಟರಿ ಕಳಚಿ, ಸ್ಟಡ್ಡಿನ ಸುತ್ತ ಹೆಡ್ಡಿಗೆ ಗ್ಯಾಸ್ ಟಾರ್ಚಿನಿಂದ ಶಾಖ ಕೊಡುತ್ತೇನೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 150 ಡಿಗ್ರಿ ಬಿಸಿ ಏರಿದರೆ ಈ 6 ಎಂಎಂ ತೂತಿನಲ್ಲಿ ಸಿಗುವ ಸಡಿಲ ಸುಮಾರು 0.01 ಎಂಎಂ. ಅಷ್ಟೇ ಸಾಕು. ಆದರೆ ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, ಬಣ್ಣ ಕಾಯುತ್ತಾ ಕೂತರೆ ಕರಗಿಯೇ ಹೋದೀತು. ನೀರಿನ ಹನಿ ಚುಂಯ್ ಎಂದು ಹಾರಿದಾಗ ನಿಲ್ಲಿಸುತ್ತೇನೆ.

ತುಂಡು ಹೊರಗೆ ಒಂದಿಷ್ಟು ಚಾಚಿದ್ದರೆ ಅದರ ಮೇಲೆ 8 ಎಂಎಂ ನಟ್ಟಿಟ್ಟು, ನಟ್ಟಿನ ಒಳಗಡೆಯಿಂದ ವೆಲ್ಡ್ ತುಂಬಿಸುತ್ತೇನೆ. ಆ ಶಾಖ ಸೀದಾ ಸ್ಟಡ್ಡಿನ ಬುಡದ ತನಕ ಇಳಿದು ಗಾರೆ ಬಿರುಕು ಬಿಡುತ್ತದೆ. ಕೆಂಪು ಆರಿ ಕಪ್ಪಾದ ಮೇಲೆ ಪಾನಾ ಹಾಕುತ್ತೇನೆ. ಬಿಚ್ಚುವ ಕಡೆಗೆ ಕಾಲು ಸುತ್ತು, ಬಿಗಿಯುವ ಕಡೆಗೆ ಅದರ ಅರ್ಧ, ಮಧ್ಯೆ ಒಂದು ಹನಿ ಎಣ್ಣೆ. ಕಿರ್ ಎಂದು ಸದ್ದಾಗಿ ಥ್ರೆಡ್ಡಿನ ಸುತ್ತ ಬಿಳಿ ಪುಡಿ ಒತ್ತಿ ಬರುತ್ತದೆ. ಇಷ್ಟು ವರ್ಷವಾದರೂ ಆ ಪುಡಿ ಕಂಡರೆ ನನಗೆ ಖುಷಿ. ವೆಲ್ಡ್ ಕಿತ್ತುಬಂದರೆ ಬೇಸರ ಬೇಡ, ಎರಡು ಮೂರು ಸಲ ಹಾಕಬೇಕಾಗಬಹುದು. ವೆಲ್ಡಿಂಗ್ ಕೈ ಪಳಗದವರು ಮಾತ್ರ ಇದನ್ನು ಹೆಡ್ಡಿನ ಮೇಲೆ ಕಲಿಯುವುದು ಬೇಡ.

ಹೊಸ ಸ್ಟಡ್ಡಿಗೆ ಕಾಪರ್ ಗ್ರೀಸ್ (ಶಾಖ ತಡೆಯುವ, ತಾಮ್ರದ ಪುಡಿ ಬೆರೆತ ಗ್ರೀಸ್) ತೆಳುವಾಗಿ ಸವರಿ ಹಾಕಿಸಿ. ಅದಕ್ಕೂ ಮೊದಲು ಸೈಲೆನ್ಸರಿನ ಹಿಂದಿನ ಬೋಲ್ಟ್ ನೋಡಿ. ಅದು ಸಡಿಲಾಗಿದ್ದರೆ ತೋಟದ ರಸ್ತೆಯ ಕುಲುಕಾಟವೆಲ್ಲ ಈ ಎರಡು ಸಣ್ಣ ಸ್ಟಡ್ಡುಗಳ ಮೇಲೇ ಬೀಳುತ್ತದೆ.

ಗಾಡಿ ತರುವಾಗ ಮುರಿದು ಬಿದ್ದ ತುಂಡು ಸಿಕ್ಕರೆ ಬಿಸಾಡದೆ ತನ್ನಿ. ಮುರಿದ ಮುಖ ಪೂರ್ತಿ ಹೊಳೆಯುತ್ತಿದ್ದರೆ ಪಾನಾ ಬಲಕ್ಕೆ ಮುರಿದದ್ದು. ಬಹುಪಾಲು ಕಪ್ಪಾಗಿ, ಅಂಚಿನಲ್ಲಷ್ಟೇ ಹೊಳಪಿದ್ದರೆ ಕುಲುಕಾಟಕ್ಕೆ ಎಷ್ಟೋ ದಿನದ ಹಿಂದೆಯೇ ಬಿರುಕು ಬಿಟ್ಟಿತ್ತು ಎಂದರ್ಥ. ಅಂಥದ್ದು ಎಷ್ಟೋ ಸಲ ಬಿಗಿಯಾಗಿ ಕಚ್ಚಿಕೊಂಡಿರುವುದಿಲ್ಲ. ರೈಟರ ಮಗ ಜೇಬಿನಿಂದ ತೆಗೆದುಕೊಟ್ಟ ತುಂಡು ಮುಕ್ಕಾಲು ಕಪ್ಪಿತ್ತು.