ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಡಿಗ್ರೀಲಿ ಇಂಗ್ಲಿಷು

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಡಿಗ್ರಿ ಕಾಲೇಜಲ್ಲಿ ಪಾಠ ಮಾಡಿದೋರಿಗೆ ಇದು ಗೊತ್ತಿರತ್ತೆ. ಬಿಕಾಂ ಕ್ಲಾಸಲ್ಲಿ ಡಿಪ್ರಿಸಿಯೇಷನ್ ಅಂದ್ರೆ ಎಲ್ರೂ ಸುಮ್ನೆ ಬೋರ್ಡ್ ನೋಡ್ತಾರೆ, ಸವಕಳಿ ಅಂದ್ರೆ ಅರ್ಧ ಜನ ತಲೆ ಆಡಿಸ್ತಾರೆ, ಹಿಂದಿನ ಬೆಂಚಿಂದ ಯಾರೋ ಒಬ್ಬ 'ಟ್ರ್ಯಾಕ್ಟರ್ ರೇಟು ಏಟೇಟಾ ತಗ್ಗುತುಂದಿ ಕದರಾ, ಅದೇ' (ಟ್ರ್ಯಾಕ್ಟರ್ ರೇಟು ವರ್ಷ ವರ್ಷ ಇಳಿಯತ್ತಲ್ವಾ, ಅದೇ) ಅಂತ ತೆಲುಗಲ್ಲಿ ಪಕ್ಕದೋನಿಗೆ ಪಿಸುಗುಟ್ಟಿದ ಮೇಲೆ ಮಿಕ್ಕೋರ ಪೆನ್ನೂ ಓಡತ್ತೆ. ಮೊದ್ಲು ಆ ಪಿಸುಮಾತಿಗೆ ಬೈತಿದ್ದೆ, ಈಗ ಕಾಯ್ತೀನಿ.

ಇದು ಹೊಸ ಸಮಸ್ಯೆ ಏನಲ್ಲ. ಕೋಲಾರ, ಚಿಕ್ಕಬಳ್ಳಾಪುರ 2007ರ ತನಕ ಒಂದೇ ಜಿಲ್ಲೆ, ಆಂಧ್ರದ ಗಡಿ, ಆ ಕಡೆ ಕೆಜಿಎಫ್‌ನಲ್ಲಿ ತಮಿಳು ಮನೆಗಳು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿ ದಿನಾ ಬೆಂಗಳೂರಿನ ಟ್ರೈನ್ ಹಿಡಿಯೋದೇ ಬದುಕು. ಕಾಲೇಜುಗಳೆಲ್ಲ ಬೆಂಗಳೂರು ವಿವಿ ಕೆಳಗಿದ್ವು, ಮಾರ್ಕ್ಸ್ ಕಾರ್ಡಲ್ಲಿ ಒಂದು ಅಕ್ಷರ ತಪ್ಪಾದ್ರೂ ಬೆಂಗಳೂರಲ್ಲಿರೋ ಅದರ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋಗ್ಬೇಕಿತ್ತು, ಅಂದ್ರೆ ಒಂದು ದಿನದ ಕೂಲಿ ಹೋಯ್ತು ಅಂತಾನೇ. 2017ರಲ್ಲಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿವಿ ಶುರುವಾಯ್ತು, ದೂರ ಕಮ್ಮಿ ಆಯ್ತು. ಭಾಷೆ ಮಾತ್ರ ಯಾರ ಲೆಕ್ಕಕ್ಕೂ ಬರ್ಲಿಲ್ಲ.

2020 ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು ನೋಡಿ, ಆಗ ಬಣ್ಣ ಬಯಲಾಯ್ತು. ಬೆಳಿಗ್ಗೆ ಒಂಬತ್ತಕ್ಕೆ ಲೈವ್ ಕ್ಲಾಸ್ ಇಟ್ಟೆ, ಒಬ್ಬ ಹುಡುಗ ಬರ್ತಾನೇ ಇರ್ಲಿಲ್ಲ, ಫೋನ್ ಮಾಡಿದ್ರೆ ಅವರಪ್ಪ ಎತ್ತಿದ್ರು, ಹಿಂದೆ ಟೊಮೆಟೊ ಹರಾಜು ಕೂಗೋದು ಕೇಳ್ತಿತ್ತು. ಮನೇಲಿ ಇದ್ದಿದ್ದು ಒಂದೇ ಫೋನು, ಅದು ದಿನಾ ಬೆಳಿಗ್ಗೆ ಮಂಡಿಗೆ ಹೋಗ್ತಿತ್ತು. ಅವತ್ತಿಂದ ಲೈವ್ ಬಿಟ್ಟು ಸಂಜೆ ವಾಟ್ಸಾಪಲ್ಲಿ ನಾಲ್ಕು ನಾಲ್ಕು ನಿಮಿಷದ ವಾಯ್ಸ್ ನೋಟ್ ಹಾಕಿದೆ, ಕನ್ನಡ ಜಾಸ್ತಿ, ಮಧ್ಯೆ ನನ್ನ ಹರಕು ಮುರುಕು ತೆಲುಗು. ಕಣ್ಣು ಸರಿಯಾಗಿ ಕಾಣದ ಒಬ್ಬಳು ಹುಡುಗಿ 'ಸರ್, ಬೋರ್ಡಿಗಿಂತ ಇದೇ ಚೆನ್ನಾಗಿದೆ' ಅಂದ್ಲು. ಎರಡು ವರ್ಷ ಬೋರ್ಡ್ ಮೇಲೇ ಬರ್ದಿದ್ದೆ ನಾನು, ಒಂದ್ಸಲಾನೂ ಕೇಳಿರ್ಲಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿತ್ತು, ಅದರಲ್ಲಿ ಸರ್ಕಾರಿ ಕಾಲೇಜಲ್ಲಿ 5% ಸೀಟೂ ಇದೆ, ಆದ್ರೆ ಸೀಟ್ ಕೊಟ್ಟ ಮೇಲೆ ಪಾಠ ಕಿವಿಗೆ ಹೆಂಗೆ ಮುಟ್ಸೋದು ಅನ್ನೋದು ಮೇಷ್ಟ್ರ ತಲೆಗೇ ಬಿಟ್ಟಿದ್ದು.

ಆಮೇಲಿನ ಕಥೆ ಗೊತ್ತೇ ಇದೆ. 2021ರಲ್ಲಿ ಸರ್ಕಾರಿ ಕಾಲೇಜಿಗೆ ಟ್ಯಾಬ್ ಬಂತು, ಅದೇ ವರ್ಷ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಬಂದು ಡಿಗ್ರಿ ನಾಲ್ಕು ವರ್ಷ ಅಂದ್ರು, 2024ರಲ್ಲಿ ಮತ್ತೆ ಮೂರೇ ವರ್ಷ ಅಂದ್ರು, ನಡುವೆ ಸಿಕ್ಕಿದ ಬ್ಯಾಚಿನ ಹುಡುಗ್ರಿಗೆ ತಲೆ ಕೆಟ್ಟೋಯ್ತು. ನನ್ನ ಕೇಳಿದ್ರೆ ಹಾಜರಿಗೆ ಟ್ಯಾಬ್‌ಗಿಂತ 2023 ಜೂನ್‌ನ ಶಕ್ತಿ ಬಸ್ಸೇ ವಾಸಿ, ಹಳ್ಳಿ ಹೆಣ್ಮಕ್ಕಳು ಬಸ್ ಚಾರ್ಜ್ ಕೇಳೋಕೆ ಅಪ್ಪನ ಮುಖ ನೋಡ್ಬೇಕಾಗಿಲ್ಲ. ಪ್ರೈವೇಟ್ ಬಸ್ ಮಾತ್ರ ಓಡೋ ರೂಟಲ್ಲಿ ಅದೂ ಇಲ್ಲ ಬಿಡಿ.

ಆ ವಾಯ್ಸ್ ನೋಟುಗಳು ಇನ್ನೂ ಬದುಕಿವೆ. ಎಕ್ಸಾಮ್ ಹಿಂದಿನ ವಾರ ಜೂನಿಯರ್ಸ್ ಗ್ರೂಪಲ್ಲಿ ಓಡಾಡ್ತವೆ, ಮಧ್ಯೆ ನಮ್ಮನೆ ಹಸು ಕೂಗಿದ್ದೂ ಸೇರಿ.